ಬಿದ್ದಿದ್ದು ಯಾರ ಮೇಲೆ?

ಹೋದ ತಿಂಗಳು ಮೇಷ್ಟರಿಗೆ ಮಣ್ಣು ಕೊಟ್ಟು ಬಂದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಕಾಲೇಜಿನ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಮಾತು ಬೇಕಂತೆ. ಹುಟ್ಟಿದ ವರ್ಷ, ಓದಿದ ಶಾಲೆ, ಕೆಲಸಕ್ಕೆ ಸೇರಿದ ದಿನ ಎಲ್ಲವನ್ನೂ ಅವನೇ ಕಲೆಹಾಕಿಟ್ಟಿದ್ದ. "ಅವೆಲ್ಲ ನೀನೇ ಹಾಕ್ಕೊಳಪ್ಪ, ನನಗೆ ಗೊತ್ತಿರೋದು ಬೇರೆ" ಎಂದೆ. ಆ ಮನುಷ್ಯ ಎಂದ ಕೂಡಲೇ ನನಗೆ ನೆನಪಾಗುವುದು ಅವರ ಬುಷ್‌ಶರ್ಟಿನ ಎಡಜೇಬು.

ಅದರ ತುಂಬ ಯಾವಾಗಲೂ ಕಡಲೆಕಾಯಿ ಸಿಪ್ಪೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಇಲ್ಲಿ ಕಡಲೆಕಾಯಿ ತಿನ್ನದವರನ್ನು ನಾನು ನೋಡಿಲ್ಲ. ಎಲ್ಲರೂ ತಿಂದು, ಸಿಪ್ಪೆಯನ್ನು ಕೂತಲ್ಲೇ ಉದುರಿಸಿ, ಪಂಚೆ ಕೊಡವಿಕೊಂಡು ಏಳುತ್ತಾರೆ. ಇವರು ಬಲಜೇಬಿನಿಂದ ಕಾಯಿ ತೆಗೆದು, ಸುಲಿದು, ಸಿಪ್ಪೆಯನ್ನು ಎಡಜೇಬಿಗೆ ಸೇರಿಸುತ್ತಿದ್ದರು. ಇದೇನ್ರಿ ಸಾರ್ ಎಂದು ಒಮ್ಮೆ ತಮಾಷೆ ಮಾಡಿದೆ. "ನಾವು ಎದ್ದು ಹೋದ್ಮೇಲೆ ಗುಡಿಸೋಳು ಒಬ್ಳು ಬರ್ತಾಳಲ್ರಿ" ಎಂದರು. ಅಷ್ಟೇ ಉತ್ತರ. ಇನ್ನೊಂದು ಕಾಯಿ ಸುಲಿದರು.

ಅವರು ರಾಜ್ಯಶಾಸ್ತ್ರದ ಮೇಷ್ಟರು, ನಾನು ಚರಿತ್ರೆ. ನಾನು ದಿನಾ ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬಂದು ಹೋಗುವವನು. ಅವರು ಮದುವೆಯಾಗಲಿಲ್ಲ, ಚಳ್ಳಕೆರೆಯಲ್ಲೇ ಒಂದು ಎಣ್ಣೆ ಮಿಲ್ಲಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೈಯಾರೆ ಅಡುಗೆ ಮಾಡಿಕೊಂಡಿದ್ದರು. ಅವರ ಊರು ದೊಡ್ಡಉಳ್ಳಾರ್ತಿಯ ಆಚೆ, ದನಕುರಿ ಮೇಯುವ ಕಾವಲಿನ ಅಂಚಿನಲ್ಲಿ. ಅಲ್ಲಿ ಅವರ ಅಣ್ಣ ಗೌಡರು. ಹೊಲ, ಬೋರು, ಊರಿಗೆಲ್ಲ ಒಂದೇ ಹಿಟ್ಟಿನ ಗಿರಣಿ, ಎಲ್ಲ ಆ ಮನೆಯದು. ಅಪ್ಪ ಬೇಗ ತೀರಿಹೋದ ಮೇಲೆ ತಮ್ಮನನ್ನು ಓದಿಸಿದ್ದು ಆ ಅಣ್ಣನೇ. ಇದನ್ನು ಮೇಷ್ಟರು ಯಾರ ಹತ್ತಿರವೂ ಮುಚ್ಚಿಡುತ್ತಿರಲಿಲ್ಲ. "ನಾನು ಉಂಡ ಅನ್ನ ನಮ್ಮಣ್ಣಂದು" ಎಂದು ಹೇಳಿಯೇ ಬೇರೆ ಮಾತು.

ಅವರದು ಒಂದು ಪ್ರಶ್ನೆ ಇತ್ತು. ಪೇಪರಿನಲ್ಲಿ ಯಾವ ದೇಶ ಯಾವ ದೇಶದ ಮೇಲೆ ಬಾಂಬು ಹಾಕಿದ ಸುದ್ದಿ ಬಂದರೂ, ಸ್ಟಾಫ್‌ರೂಮಿನಲ್ಲಿ ನಾವೆಲ್ಲ ಯಾರು ಹೊಡೆದರು, ಯಾಕೆ ಹೊಡೆದರು, ಯಾರದು ಸರಿ ಎಂದು ಕೂಗಾಡುತ್ತಿರುವಾಗ ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು. ಅದು ಅವರು ಬಾಯಿ ತೆರೆಯುವ ಸೂಚನೆ. "ಅದೆಲ್ಲ ಇರ್ಲಿ. ಬಿದ್ದಿದ್ದು ಯಾರ ಮೇಲೆ?" ಎನ್ನುತ್ತಿದ್ದರು. ಹುಡುಗರು ಹಿಂದಿನಿಂದ 'ಯಾರ್‌ಮೇಲೆ ಮೇಷ್ಟ್ರು' ಎಂದೇ ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ನನಗೆ ಮೊದಮೊದಲು ಈ ಮಾತು ಹಿಡಿಸುತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಕೂತು ಅಮೆರಿಕವನ್ನು ವಿಚಾರಣೆ ಮಾಡಿದರೆ ಅಮೆರಿಕಕ್ಕೆ ಆಗುವುದೇನು ಎಂದು ನೇರವಾಗಿಯೇ ಕೇಳಿದ್ದೇನೆ. "ಅಮೆರಿಕಕ್ಕೆ ಏನೂ ಆಗಲ್ಲ. ನಮ್ಮ ಹುಡುಗ್ರಿಗೆ ಅಳತೆ ಸರಿ ಇರ್ಬೇಕಲ್ರಿ" ಎಂದರು. ಮೇಷ್ಟರ ಉತ್ತರಗಳು ಹೀಗೇ. ಜಗಳಕ್ಕೆ ಬಂದವನಿಗೆ ಹಿಡಿದುಕೊಳ್ಳಲು ಏನೂ ಸಿಗುತ್ತಿರಲಿಲ್ಲ, ಅದೇ ಸಿಟ್ಟು ತರಿಸುತ್ತಿತ್ತು.

ತೊಂಬತ್ತರ ದಶಕವೆಲ್ಲ ಇರಾಕಿನ ಮೇಲೆ ದಿಗ್ಬಂಧನ ನಡೆಯಿತಲ್ಲ, ಅದನ್ನು ಅವರು ಪಾಠ ಮಾಡುವುದನ್ನು ಕಿಟಕಿಯ ಆಚೆ ನಿಂತು ಕೇಳಿದ್ದೇನೆ. ಅಂತರರಾಷ್ಟ್ರೀಯ ಕಾನೂನು ಎಂದರೆ ಹುಡುಗರು ಆಕಳಿಸುತ್ತಾರೆ. ಇವರು ಶುರು ಮಾಡಿದ್ದು ಊರ ಬಹಿಷ್ಕಾರದಿಂದ. "ನಮ್ಮ ಕಡೆ ಬಹಿಷ್ಕಾರ ಹಾಕಿದ್ರೆ ಏನೇನು ನಿಲ್ಸ್ತಾರೆ ಹೇಳ್ರಲೇ" ಎಂದರು. ಹುಡುಗರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನೀರು, ಬೆಂಕಿ, ಅಂಗಡಿ, ಗಿರಣಿ, ಕ್ಷೌರ, ಮಾತು ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. "ತಪ್ಪು ಮಾಡಿದೋನು ಯಾರು? ಮನೆ ಯಜಮಾನ. ಹಿಟ್ಟಿಲ್ದೆ ಉಪಾಸ ಬೀಳೋರು ಯಾರು?" ಎಂದು ಕೇಳಿದರು. ಆಮೇಲೆ ನಿಧಾನವಾಗಿ ಇರಾಕಿಗೆ ಬಂದರು. ಅಲ್ಲಿನ ಅರಸನಂಥ ಅಧ್ಯಕ್ಷನ ತಟ್ಟೆಯಲ್ಲಿ ಏನೂ ಕಮ್ಮಿಯಾಗಲಿಲ್ಲ, ಆಸ್ಪತ್ರೆಯಲ್ಲಿ ಮಲಗಿದ ಮಗುವಿಗೆ ಔಷಧಿ ಬರಲಿಲ್ಲ ಎಂದರು. "ಒಬ್ಬನ್ನ ಬಗ್ಗಿಸೋಕೆ ಜಗಳಕ್ಕೆ ಸಂಬಂಧ ಇಲ್ದೋರ್ಗೆ ಹೆದ್ರಿಕೆ ಹುಟ್ಸೋದೈತಲ್ಲ, ಅದನ್ನ ಗಡ್ಡ ಬಿಟ್ಟೋನು ಮಾಡಿದ್ರೆ ಭಯೋತ್ಪಾದನೆ ಅಂತೀವಿ. ಸೂಟು ಹಾಕ್ಕೊಂಡೋನು ಮಾಡಿದ್ರೆ ವಿದೇಶಾಂಗ ನೀತಿ ಅಂತ ಪುಸ್ತಕದಾಗೆ ಓದ್ತೀವಿ. ಎರಡಕ್ಕೂ ಒಂದೇ ಹೆಸರಿಡ್ರಿ, ಇಲ್ಲಾಂದ್ರೆ ಎರಡಕ್ಕೂ ಇಡಬ್ಯಾಡ್ರಿ."

ನಮ್ಮ ದೇಶ ಮಾಡಿದರೂ ಅದೇ ಹೆಸರಾ ಸಾರ್ ಎಂದು ಒಬ್ಬಳು ಕೇಳಿದಳು. "ಮತ್ತೆ?" ಎಂದರು. ಮೇಷ್ಟರಿಗೆ ಅಮೆರಿಕದ ಮೇಲೆ ಹಗೆ ಇತ್ತು ಎಂದುಕೊಂಡವರು ಅವರನ್ನು ಸರಿಯಾಗಿ ಕೇಳಿಸಿಕೊಂಡವರಲ್ಲ. ರಷ್ಯಾದ ಕಟ್ಟಾ ಅಭಿಮಾನಿಯಾಗಿದ್ದ ನಮ್ಮ ಒಬ್ಬ ಸಹೋದ್ಯೋಗಿಗೆ ಅಫ್ಘಾನಿಸ್ತಾನದ ಲೆಕ್ಕ ಕೇಳಿ, ಆತ ಒಂದು ವಾರ ಇವರ ಜೊತೆ ಟೀ ಕುಡಿಯದೇ ಇದ್ದದ್ದೂ ಉಂಟು.

ಅಮೆರಿಕದ ಆ ಎರಡು ಗೋಪುರಗಳು ಬಿದ್ದ ಮಾರನೆಯ ದಿನ ಕ್ಲಾಸಿನಲ್ಲಿ ಒಬ್ಬ, "ಸರಿಯಾಗೇ ಆಯ್ತು ಬಿಡ್ರಿ ಸಾರ್, ಅವ್ರು ಮಾಡಿದ್ದು ಅವ್ರಿಗೇ ಬಂತು" ಎಂದುಬಿಟ್ಟ. ತನ್ನ ಮಾತು ಮೇಷ್ಟರಿಗೆ ಖುಷಿ ಕೊಡುತ್ತದೆ ಎಂದು ಅವನ ಎಣಿಕೆ. ಮೇಷ್ಟರು ಸಿಟ್ಟಾಗಿದ್ದನ್ನು ಅವತ್ತು ಮೊದಲ ಸಲ ನೋಡಿದೆವು ಎಂದು ಹುಡುಗರು ಆಮೇಲೂ ಹೇಳುತ್ತಿದ್ದರು. "ಬೆಳಿಗ್ಗೆ ಅಲ್ಲಿ ನೆಲ ಒರೆಸೋಕೆ ಬಂದೋಳು ನಿಂಗೇನು ಮಾಡಿದ್ಲಲೇ? ಏಳು, ಹೊರಗೆ ನಡಿ" ಎಂದು ಕಳಿಸಿದರಂತೆ. ಅವತ್ತು ಪಾಠ ಮಾಡಲಿಲ್ಲ.

ಒಂದು ಭಾನುವಾರ ಮೊಳಕಾಲ್ಮೂರಿಗೆ, ನಮ್ಮ ಮನೆಗೆ ಬಂದಿದ್ದರು. ನಮ್ಮಪ್ಪ ರೇಷ್ಮೆ ಸೀರೆ ನೇಯುವವರು. ಮನೆಮಾತು ಅರ್ಧ ತೆಲುಗು, ಅರ್ಧ ಕನ್ನಡ. ಇಡೀ ಬೆಳಿಗ್ಗೆ ಮಗ್ಗದ ಪಕ್ಕ ಮಣೆ ಹಾಕಿಕೊಂಡು ಕೂತು ನೋಡಿದರು. ಹೋಗುವಾಗ ಅಪ್ಪ, "ಏಮಿ ಸಾರೂ, ನಮ್ಮುಡುಗ ಹೇಳ್ತಾನೆ, ನೀವು ಅಮೆರಿಕದೋರ್ನ ಬಿಡೋದೇ ಇಲ್ವಂತೆ. ದೊಡ್ಡೋರ ಸಹವಾಸ ನಮಗ್ಯಾಕೆ ಸಾರೂ?" ಎಂದರು. ಮೇಷ್ಟರು ಮನಸಾರೆ ನಕ್ಕರು. "ನಮ್ಮ ಮನೇಲೂ ಒಬ್ರು ದೊಡ್ಡೋರು ಅವ್ರೆ ಯಜಮಾನ್ರೇ, ಸಹವಾಸ ತಪ್ಪಲ್ಲ" ಎಂದರು. ಅದು ನಗುವಿನ ಮಾತಾಗಿಯೇ ಉಳಿಯುತ್ತದೆ ಎಂದುಕೊಂಡಿದ್ದೆ.

ಇರಾಕಿನ ಮೇಲೆ ಎರಡನೇ ಯುದ್ಧ ಶುರುವಾದ ಬೇಸಿಗೆ. ಕಾಲೇಜು ಮುಗಿಸಿ ನನ್ನ ಬಸ್ಸಿಗೆಂದು ಇಬ್ಬರೂ ನಡೆದು ಬರುತ್ತಿದ್ದೆವು. ಪೇಟೆಯ ಗಿರಣಿಯ ಮುಂದೆ ನಡುವಯಸ್ಸಿನ ಹೆಂಗಸೊಬ್ಬಳು ರಾಗಿ ಚೀಲ ಕಾಲಿಗೆ ಒರಗಿಸಿಕೊಂಡು ಕೂತಿದ್ದಳು. ಮೇಷ್ಟರನ್ನು ನೋಡಿ ದಡಬಡನೆ ಎದ್ದು ಸೆರಗು ಹೊದ್ದುಕೊಂಡಳು. ಅವರ ಊರಿನ ಪಕ್ಕದ ಹಟ್ಟಿಯ ಓಬಕ್ಕ. ಕುರಿ ಸಾಕುವ ಮನೆಯವಳು. "ಏನಕ್ಕ, ಹಿಟ್ಟು ಹಾಕ್ಸೋಕೆ ಇಷ್ಟು ದೂರ?" ಎಂದು ಇವರು ಕೇಳಿದರು. ಓಬಕ್ಕ ಸುತ್ತ ನೋಡಿದಳು.

"ನಿಮಗೆ ಗೊತ್ತಿಲ್ವಾ ಸಣ್ಣಗೌಡ್ರೇ? ನಮ್ಮ ಹಟ್ಟಿಗೆ ಬಂದ್ ಮಾಡವ್ರೆ. ಗಿರಣಿ ಇಲ್ಲ, ಬೋರಿನ ನೀರಿಲ್ಲ, ಅಂಗ್ಡಿಯೋನು ಬೆಂಕಿಪೊಟ್ಣನೂ ಕೊಡಲ್ಲ."

"ಯಾರು?"

"ಇನ್ಯಾರು ಸಾಮಿ, ನಿಮ್ಮಣ್ಣಾರು."

ಆದದ್ದು ಇಷ್ಟು. ಕಾವಲಿನ ಅಂಚಿನಲ್ಲಿ ಕುರಿಗಳು ಕಟ್ಟೆಗೆ ನೀರಿಗೆ ಹೋಗುವ ದಾರಿ ಇತ್ತು. ಗೌಡರು ಅದನ್ನೂ ಸೇರಿಸಿ ಬೇಲಿ ಹಾಕಿ ಕಡಲೆಕಾಯಿ ಬಿತ್ತಿದ್ದರು. ಓಬಕ್ಕನ ಗಂಡ ತಾಲ್ಲೂಕು ಕಚೇರಿಗೆ ಹೋಗಿ ದೂರು ಕೊಟ್ಟ. ದೂರು ವಾಪಸ್ ತೆಗೆಯುವ ತನಕ ಇಡೀ ಹಟ್ಟಿಗೆ ಬಹಿಷ್ಕಾರ. ಅವರ ಜೊತೆ ಮಾತಾಡಿದವರಿಗೆ, ಅವರ ಮನೆಯಲ್ಲಿ ಉಂಡವರಿಗೆ, ನೀರು ಕುಡಿದವರಿಗೆ, ಅವರಿಗೂ ಅದೇ. ಯಾರನ್ನೂ ಯಾರೂ ಹೊಡೆದಿರಲಿಲ್ಲ.

ಮೇಷ್ಟರು ಓಬಕ್ಕನ ಚೀಲವನ್ನು ಎತ್ತಿ ಗಿರಣಿಯ ಒಳಗಿಟ್ಟರು.

ಆ ವಾರವೇ ಊರಿಗೆ ಹೋಗಿ ಬಂದರು. ಬಂದವರು ನನ್ನ ಮೇಜಿನ ಎದುರು ಕೂತು, "ಅಣ್ಣ ಏನಂದ ಗೊತ್ತಾ? ನಾವು ಯಾರ್ನಾದ್ರೂ ಮುಟ್ಟಿದ್ವೇನೋ? ಗಿರಣಿ ನಮ್ದು, ಬೋರು ನಮ್ದು, ಕೊಡಲ್ಲ ಅಂದ್ವಿ, ಅಷ್ಟೇ ಅಂದ. ಇದೇ ಮಾತು ಪೇಪರ್ನಾಗೆ ಎಷ್ಟು ಸಲ ಓದೀನಿ ನಾನು" ಎಂದರು. ನೀವೇನಂದಿರಿ ಎಂದು ಕೇಳಿದೆ. "ಬೇಲಿ ತೆಗಿ, ನೀರು ಬಿಡು ಅಂತ ಕೈ ಮುಗ್ದು ಕೇಳ್ದೆ. ಭಯೋತ್ಪಾದನೆ ಅನ್ನೋ ಆ ಪದ ಮಾತ್ರ ಅನ್ನೋಕಾಗ್ಲಿಲ್ಲ ಕಣ್ರಿ. ಜಗಲಿ ಮೇಲೆ ಕೂತಿದ್ದ. ಫೀಸು ಕಟ್ಟೋಕೆ ಅಂತ ನನ್ನ ಕೈ ಹಿಡ್ಕಂಡು ಬಸ್ಸು ಹತ್ಸಿದ್ದೆಲ್ಲ ನೆನಪಾಯ್ತು." ಎಡಜೇಬಿನ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತಾ ಕೂತರು. ನನಗೆ ಪಾಪ ಎನಿಸಿತು, ಸ್ವಲ್ಪ ಸಿಟ್ಟೂ ಬಂತು. ಇಷ್ಟು ವರ್ಷ ದೂರದ ದೊಡ್ಡವರಿಗೆ ಹೆಸರಿಟ್ಟ ಮನುಷ್ಯ ಹತ್ತಿರದ ದೊಡ್ಡವನ ಎದುರು ಬಾಯಿ ಕಟ್ಟಿಕೊಂಡು ಬಂದಿದ್ದರು.

ಅದೇ ಶುಕ್ರವಾರ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. 'ಬಲಾಢ್ಯ ರಾಷ್ಟ್ರಗಳ ವಿದೇಶಾಂಗ ನೀತಿಯೂ ಭಯೋತ್ಪಾದನೆಯೇ' ಎಂಬುದು ವಿಷಯ. ಅದನ್ನು ಕೊಟ್ಟವರೂ ಮೇಷ್ಟರೇ, ತೀರ್ಪುಗಾರರೂ ಅವರೇ. ಪರ ಮಾತಾಡಿದವರು ಬಾಂಬು ಬಿದ್ದ ಊರುಗಳ ಹೆಸರುಗಳನ್ನು ಬಾಯಿಪಾಠ ಒಪ್ಪಿಸಿದರು. ವಿರೋಧ ಮಾತಾಡಿದವನೊಬ್ಬ ಚೆನ್ನಾಗಿ ಹೇಳಿದ: ಸರ್ಕಾರಕ್ಕೆ ಜನ ಓಟು ಹಾಕಿರುತ್ತಾರೆ, ಕಾನೂನು ಇರುತ್ತದೆ, ತಪ್ಪಾದರೆ ಕೇಳುವವರಿರುತ್ತಾರೆ, ಕದ್ದು ಬಾಂಬಿಡುವವನಿಗೆ ಅದೊಂದೂ ಇಲ್ಲ, ಎರಡನ್ನೂ ಒಂದೇ ಎಂದರೆ ಪದಕ್ಕೇ ಬೆಲೆ ಇರುವುದಿಲ್ಲ ಎಂದ. ಮೇಷ್ಟರು ಅವನಿಗೇ ಬಹುಮಾನ ಕೊಟ್ಟರು. "ನಾನು ಒಪ್ಪಲ್ಲ. ಆದ್ರೆ ಇವ್ನು ಯೋಚ್ನೆ ಮಾಡ್ಕಂಡು ಬಂದವ್ನೆ" ಎಂದರು. ಆಮೇಲೆ ತಮ್ಮ ಹಳೆಯ ಮಾತನ್ನೇ ಹೇಳಿದರು. ಹೊಡೆದವನ ಹತ್ತಿರ ಕಾನೂನು ಇತ್ತೋ ಇಲ್ಲವೋ ಎಂಬುದು ಹೊಡೆಸಿಕೊಂಡ ಮಗುವಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಎಣಿಕೆಯನ್ನು ಆ ಕಡೆಯಿಂದ ಶುರು ಮಾಡಬೇಕು ಎಂದರು.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ಮೇಷ್ಟರ ಊರಿನ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ.

"ಸಾರ್, ನಿಮ್ಮೂರ್ನಾಗೆ ಹಟ್ಟಿಯೋರ್ಗೆ ನೀರು ನಿಲ್ಸವ್ರಲ್ಲ, ಅದಕ್ಕೇನಂತ ಹೆಸ್ರು ಸಾರ್?"

ಮುಂದಿನ ಸಾಲಿನಲ್ಲಿದ್ದ ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಮೇಷ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಸರಿಯಾಗಿ ಕೇಳ್ದೆ ಕಣಮ್ಮ. ಇದಕ್ಕೆ ಉತ್ತರ ನನ್ಹತ್ರ ಐತೆ. ಆದ್ರೆ ಮೊದ್ಲು ನಮ್ಮಣ್ಣನ ಮುಂದೆ ಹೇಳ್ಬೇಕು. ಬೆನ್ನಿಂದೆ ಹೇಳೋದಲ್ಲ. ಸೋಮವಾರ ಕ್ಲಾಸಿಗೆ ಬಾ, ನಿಂಗೂ ಹೇಳ್ತೀನಿ."

ಭಾನುವಾರ ನಾನೂ ಜೊತೆಗೆ ಹೋದೆ. ಕರೆದಿರಲಿಲ್ಲ, ಬೇಡ ಎನ್ನಲೂ ಇಲ್ಲ. ಗೌಡರು ಜಗಲಿಯ ಮೇಲೆ ಕೂತಿದ್ದರು, ಬಾಗಿಲ ಹತ್ತಿರ ಅವರ ಅವ್ವ ಕಡಲೆಕಾಯಿ ಆರಿಸುತ್ತಿದ್ದರು. ಮೇಷ್ಟರು ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು, ಏರುದನಿಯೂ ಇಲ್ಲ, ನಡುಕವೂ ಇಲ್ಲ, ಹಾಜರಿ ಕರೆಯುವ ದನಿಯಲ್ಲಿ ಹೇಳಿದರು. "ಅಣ್ಣ, ದೊಡ್ಡ ದೇಶಗಳು ಸಣ್ಣೋರ ಅನ್ನ ನೀರು ನಿಲ್ಸಿದ್ರೆ ಅದನ್ನ ಭಯೋತ್ಪಾದನೆ ಅಂತ ನಾನು ಇಷ್ಟು ವರ್ಷ ಪಾಠ ಮಾಡೀನಿ. ನೀನು ಹಟ್ಟಿಗೆ ಮಾಡ್ತಿರೋದೂ ಅದೇ. ಜಗಳ ಓಬಕ್ಕನ ಗಂಡನ ಜೊತೆ. ಬಿದ್ದಿದ್ದು ಯಾರ ಮೇಲೆ ನೋಡು. ನಾಳೆ ಕ್ಲಾಸ್ನಾಗೂ ಇದನ್ನೇ ಹೇಳ್ತೀನಿ, ಅದಕ್ಕೆ ಮೊದ್ಲು ನಿಂಗೆ ಹೇಳೋಕೆ ಬಂದೆ."

ಗೌಡರ ಮುಖ ಕೆಂಪಾಯಿತು. "ನಿನ್ನ ಓದಿಸಿದ್ದು ಈ ಮಾತು ಅನ್ನಿಸ್ಕಳೋಕೇನಲೇ?" ಎಂದರು. "ಹೂಂ ಅಣ್ಣ" ಎಂದರು ಮೇಷ್ಟರು. ಅವರು ಅದನ್ನು ಎದುರುತ್ತರವಾಗಿ ಹೇಳಲಿಲ್ಲ, ನಿಜ ಅಂತಲೇ ಹೇಳಿದರು. ಅಲ್ಲಿಂದ ನೇರವಾಗಿ ಹಟ್ಟಿಗೆ ನಡೆದು, ಓಬಕ್ಕನ ಮನೆಯ ಮುಂದೆ ಚಾಪೆಯ ಮೇಲೆ ಕೂತು ರೊಟ್ಟಿ ಕೇಳಿದರು. ಓಬಕ್ಕ ಕೊಡಲು ಹೆದರಿದಳು. "ಉಂಡ್ರೆ ನಿಮಗೂ ಹಾಕ್ತಾರೆ ಸಾಮಿ." "ಹಾಕ್ಲಿ ಕೊಡಕ್ಕ, ಹೊಟ್ಟೆ ಹಸ್ದೈತೆ" ಎಂದರು. ನಾನೂ ಉಂಡೆ. ಮೊಳಕಾಲ್ಮೂರಿನವನಿಗೆ ಬಹಿಷ್ಕಾರ ಹಾಕಿ ಏನು ಮಾಡುತ್ತಾರೆ! ಮೇಷ್ಟರಿಗೆ ಮಾತ್ರ ಸಂಜೆಯೊಳಗೆ ಹುಟ್ಟಿದ ಮನೆ ಬಾಗಿಲು ಮುಚ್ಚಿತು.

ಸೋಮವಾರ ಆ ಹುಡುಗಿಗೆ ಹೇಳಿದರು. "ಅದಕ್ಕೂ ಅದೇ ಹೆಸ್ರು ಕಣಮ್ಮ. ಹೇಳಿ ಬಂದೀನಿ." ಮುಂದಿನ ಪಾಠ ಶುರು ಮಾಡಿದರು.

ಬಹಿಷ್ಕಾರ ಮುರಿದದ್ದು ಮೇಷ್ಟರಿಂದಲ್ಲ, ಅವ್ವನಿಂದ. ಸ್ವಲ್ಪ ದಿನ ತಡೆದುಕೊಂಡ ಆ ಮುದುಕಿ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ಚಳ್ಳಕೆರೆಗೆ ಬಂದರು. ಎಣ್ಣೆ ಮಿಲ್ಲಿನ ಹಿಂದಿನ ಆ ಮನೆಯಲ್ಲಿ ಮಗ ಬೇಯಿಸಿದ ಅನ್ನವನ್ನು ಮಗನ ತಟ್ಟೆಯಲ್ಲೇ ಉಂಡರು, ಉಪ್ಪು ಸಾಲದು ಎಂದು ಬೈದರು, ಮಧ್ಯಾಹ್ನದ ಬಸ್ಸಿಗೆ ಊರಿಗೆ ವಾಪಸಾದರು. ಒಳಗೆ ಹೋಗದೆ ಜಗಲಿಯ ಮೇಲೆ ಖಾಲಿ ಚೊಂಬು ಇಟ್ಟುಕೊಂಡು ಕೂತು ದೊಡ್ಡ ಮಗನನ್ನು ಕರೆದರಂತೆ. "ನಾನೂ ಅವ್ನ ತಟ್ಟೇಲೇ ಉಂಡ್ ಬಂದೀನಿ ಕಣಪ್ಪ. ನಿಮ್ಮ ಕಟ್ಲೆ ಪ್ರಕಾರ ನಂಗೂ ನೀರು ಕೊಡಂಗಿಲ್ಲ. ಇಲ್ಲೇ ಕುಂತಿರ್ತೀನಿ, ದಾರೀಲಿ ಹೋಗೋರೆಲ್ಲ ನೋಡ್ಲಿ" ಎಂದರಂತೆ. ಹೆತ್ತವಳಿಗೆ ನೀರು ನಿಲ್ಲಿಸುವುದು ಹೇಗೆ? ಊರ ಯಜಮಾನರು ಗೌಡರ ಮುಖ ನೋಡಿದರು, ಗೌಡರು ನೆಲ ನೋಡಿದರು. ಮಾರನೆಯ ದಿನ ಹಟ್ಟಿಗೆ ಗಿರಣಿಯೂ ತೆರೆಯಿತು, ಬೋರೂ ತೆರೆಯಿತು. ಬೇಲಿಯನ್ನು ಪೂರ್ತಿ ಕೀಳಲಿಲ್ಲ, ಕುರಿ ಹೋಗುವಷ್ಟು ದಾರಿ ಬಿಟ್ಟರು.

ಸ್ಟಾಫ್‌ರೂಮಿನಲ್ಲಿ ನಾವೆಲ್ಲ ಇದನ್ನು ಹೇಳಿಕೊಂಡು ನಕ್ಕೆವು. ನಿಮ್ಮ ಸಿದ್ಧಾಂತ ಗೆದ್ದಿತಲ್ಲ ಸಾರ್ ಎಂದು ಒಬ್ಬರು ಬೆನ್ನು ತಟ್ಟಿದರು. ಅವತ್ತಿನ ಪೇಪರು ಮೇಜಿನ ಮೇಲೆ ಬಿದ್ದಿತ್ತು, ಮುಖಪುಟದಲ್ಲಿ ಬಾಗ್ದಾದಿನ ಹೊಗೆ. ಮೇಷ್ಟರು ಅದನ್ನು ಮಡಚಿ ಪಕ್ಕಕ್ಕಿಟ್ಟರು. "ಸಿದ್ಧಾಂತ ಅಲ್ಲ, ಅವ್ವ ಗೆದ್ದಿದ್ದು. ಅಮೆರಿಕಕ್ಕೆ ಅವ್ವ ಇಲ್ಲ ನೋಡ್ರಿ, ಅದೇ ಕಷ್ಟ" ಎಂದರು. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ.

ಗೌಡರು ಮಾತ್ರ ಆ ಪದವನ್ನು ಮರೆಯಲಿಲ್ಲ. ಅವ್ವ ಇರುವ ತನಕ ಮೇಷ್ಟರು ಊರಿಗೆ ಹೋಗಿ ಬರುತ್ತಿದ್ದರು. ಅಣ್ಣ ಬೆಳೆ, ಮಳೆ ಎಂದು ಎರಡು ಮಾತಾಡಿ ಎದ್ದು ಹೋಗುತ್ತಿದ್ದರು. ಅವ್ವ ಹೋದ ಮೇಲೆ ಅದೂ ಕಮ್ಮಿಯಾಯಿತು. ಹೇಳಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಎಂದು ಒಮ್ಮೆ ಕೇಳಿದೆ. "ಹೇಳಿದ್ದಕ್ಕಿಲ್ಲ. ಅಣ್ಣನ ಜೊತೆ ಕೂತು ಉಣ್ಣೋದು ತಪ್ಪೋಯ್ತಲ್ಲ, ಅದಕ್ಕೆ ಹೊಟ್ಟೆ ಉರೀತದೆ" ಎಂದರು. ಬಾಂಬು, ದಿಗ್ಬಂಧನ ಎಂದೆಲ್ಲ ಪಾಠ ಮಾಡುವಾಗ ಇಲ್ಲದ ಸಂಕಟ ಆ ದನಿಯಲ್ಲಿತ್ತು.

ಹೋದ ತಿಂಗಳು ಎದೆನೋವು ಬಂದು ಹೋಗಿಬಿಟ್ಟರು. ಊರಿಗೆ ತಂದು ಅವರದೇ ಹೊಲದಲ್ಲಿ ಗುಣಿ ತೆಗೆದಿದ್ದರು. ನಾನು ಗೌಡರ ಪಕ್ಕ ನಿಂತಿದ್ದೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ತಮ್ಮನ ಬುಷ್‌ಶರ್ಟನ್ನು ಆಸ್ಪತ್ರೆಯವರು ಮಡಚಿ ಕೊಟ್ಟಿದ್ದರಂತೆ, ಅದು ಅವರ ಕಂಕುಳಲ್ಲಿತ್ತು. ಅಷ್ಟರಲ್ಲಿ ಗಿರಣಿ ನೋಡಿಕೊಳ್ಳುವವನು ಓಡುತ್ತಾ ಬಂದ. ಮಾಲೀಕರ ಮನೆಯಲ್ಲಿ ಸಾವಾದರೆ ಗಿರಣಿ ನಿಲ್ಲಿಸುವುದು ಅಲ್ಲಿನ ರೂಢಿ.

"ಗೌಡ್ರೇ, ಬಾಗ್ಲು ಹಾಕ್ಬಿಡ್ಲಾ? ಹಟ್ಟಿ ಹೆಂಗಸ್ರು ಸುದ್ದಿ ಗೊತ್ತಿಲ್ದೆ ಜೋಳ ಹೊತ್ಕಂಡು ಬಂದವ್ರೆ. ನಾಳೆ ಬರ್ರಿ ಅಂತೀನಿ."

"ಬ್ಯಾಡ, ಹಿಟ್ಟು ಹಾಕಿಕೊಡು" ಎಂದರು ಗೌಡರು.

"ಇಲ್ಲಿ ಮಣ್ಣು ಮಾಡೋ ಹೊತ್ನಾಗೆ ಆ ಸದ್ದು ಚೆನ್ನಾಗಿರಲ್ಲ ಗೌಡ್ರೇ..."

"ಓಡ್ಸಲೇ ಅಂದೆ. ನಿಲ್ಸಿದ್ರೆ ಇವ್ನು ಎದ್ದು ಕುಂತು ಕೇಳ್ತಾನೆ."

ಅವನು ಹೋದ. ಸ್ವಲ್ಪ ಹೊತ್ತಿಗೆ ಊರ ಕಡೆಯಿಂದ ಗಿರಣಿಯ ಸದ್ದು ಶುರುವಾಯಿತು. ಗೌಡರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು, ಹಾಕಲಾರದೆ ಹಾಗೇ ಹಿಡಿದು ನಿಂತರು. ನಾವು ಕೊನೆಯ ಮಣ್ಣು ಎಳೆದು ಮುಗಿಸುವ ತನಕವೂ ಗಿರಣಿ ಓಡುತ್ತಲೇ ಇತ್ತು.